ಒಳಮುಖಕ್ಕೊಂದು ಚುಕ್ಕೆ

ಬೆಳಗಿನ ಆರು ಗಂಟೆ. ಕಾರ್ಯಾಗಾರದ ಹಿಂದಿನ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಪೂರ್ವಕ್ಕೆ. ಹೊರಗೆ ಬೆಳಕು ಇನ್ನೂ ಬೂದಿ ಬಣ್ಣದಲ್ಲಿದೆ. ಪಟ್ಟಿ ಅಕ್ಕ ದೀಪ ಹಾಕುವುದಿಲ್ಲ. ಸ್ಟೂಲಿನ ಮೇಲೆ ಕೂತು, ಒಂದೂವರೆ ಗೇಣು ಉದ್ದದ ಉಕ್ಕಿನ ಪಟ್ಟಿಯೊಂದನ್ನು ಕೆನ್ನೆಯ ಪಕ್ಕಕ್ಕೆ ತಂದು, ಎಡಗಣ್ಣು ಮುಚ್ಚಿ, ಅದರ ಅಂಚಿನ ಉದ್ದಕ್ಕೂ ಕಿಟಕಿಯತ್ತ ನೋಡುತ್ತಾರೆ. ಪಟ್ಟಿ ನನ್ನ ಕಣ್ಣಿಗೆ ನೆಟ್ಟಗೇ ಇದೆ. ಅವರು ಮಾತ್ರ ತುಟಿ ಸೊಟ್ಟ ಮಾಡಿ, ಅದನ್ನು ಮತ್ತೆ ಮಿಷನ್ನಿನ ಬಾಯಿಗೆ ಕೊಟ್ಟು ಹಿಡಿ ತಿರುಗಿಸುತ್ತಾರೆ.

“ಕರೆಂಟ್ ಬೆಳಕಲ್ಲಿ ಡೊಂಕು ಅಡಗಿಕೊಂಡುಬಿಡುತ್ತೆ. ಬೆಳಗಿನ ಹೊತ್ತು ಅದಕ್ಕೆ ಬಚ್ಚಿಟ್ಟುಕೊಳ್ಳೋಕೆ ಜಾಗ ಸಿಗಲ್ಲ. ಅದಕ್ಕೇ ಬೇಗ ಬರ್ತೀನಿ,” ಎನ್ನುತ್ತಾರೆ. ಆಮೇಲೆ ಧ್ವನಿ ತಗ್ಗಿಸಿ, “ಮನೇಲಿ ಅತ್ತೆ ಏಳೋದ್ರೊಳಗೆ ಹೊರಬಿದ್ದರೆ ಅರ್ಧ ದಿನದ ಮಾತು ಉಳಿಯುತ್ತೆ ಅಂತಲೂ ಬರ್ಕೊಳ್ಳಿ,” ಎಂದು ನಗುತ್ತಾರೆ.

ಇದು ಕಾಲಿಗೆ ಬಲವಿಲ್ಲದ ಮಕ್ಕಳಿಗೆ ಕ್ಯಾಲಿಪರ್ ಮಾಡಿಕೊಡುವ ಜಾಗ. ಮೊಣಕಾಲ ಕೆಳಗಿನಿಂದ ಬೂಟಿನವರೆಗೆ, ಕಾಲಿನ ಒಳಬದಿಗೊಂದು ಹೊರಬದಿಗೊಂದು ಉಕ್ಕಿನ ಪಟ್ಟಿ. ಎರಡನ್ನೂ ಸೇರಿಸುವ ತೊಗಲಿನ ಬೆಲ್ಟು. ಇಷ್ಟನ್ನು ಕಟ್ಟಿಕೊಂಡು ಮಗು ಎದ್ದು ನಿಲ್ಲುತ್ತದೆ. ಮುಂದಿನ ಕೋಣೆಯಲ್ಲಿ ಅಳತೆ ತೆಗೆಯುತ್ತಾರೆ. ನಡುವಿನ ಕೋಣೆಯಲ್ಲಿ ಮೇಸ್ತ್ರಿ, ಮಗುವಿನ ಕಾಲನ್ನು ಕಾಗದದ ಮೇಲೆ ಇಟ್ಟು ಎಳೆದ ಗೆರೆಯ ಪ್ರಕಾರ ಪಟ್ಟಿಯನ್ನು ಬಗ್ಗಿಸುತ್ತಾರೆ. ವರ್ಷಕ್ಕೊಮ್ಮೆ ದೊಡ್ಡವರು ಬಂದು ಕ್ಯಾಲಿಪರ್ ಹಂಚುವಾಗ ಮೇಸ್ತ್ರಿಯ ಫೋಟೊ ತೆಗೆಯುತ್ತಾರೆ, ಅಳತೆಯವರ ಫೋಟೊ ತೆಗೆಯುತ್ತಾರೆ. ಹಿಂದಿನ ಕೋಣೆಯವರೆಗೆ ಯಾವ ಕ್ಯಾಮೆರಾವೂ ಬಂದಿಲ್ಲ. ಬಂದರೂ ತೆಗೆಯಲು ಏನಿದೆ? ಒಬ್ಬ ಹೆಂಗಸು ಕೂತು ಡೊಂಕು ಪಟ್ಟಿಯನ್ನು ನೆಟ್ಟಗೆ ಮಾಡುತ್ತಿದ್ದಾರೆ. ಅವರ ಕೆಲಸ ಚೆನ್ನಾಗಿ ಆದಷ್ಟೂ ಕಾಣದೇ ಹೋಗುತ್ತದೆ.

ಮಿಷನ್ನು ಅಂದರೆ ದೊಡ್ಡದೇನಲ್ಲ. ಮೇಜಿಗೆ ಬೋಲ್ಟು ಹಾಕಿ ಕೂರಿಸಿದ, ಹೊಲಿಗೆ ಯಂತ್ರಕ್ಕಿಂತ ತುಸು ಎತ್ತರದ ಕಬ್ಬಿಣದ ಚೌಕಟ್ಟು. ಅದರೊಳಗೆ ಎರಡು ಸಾಲಿನಲ್ಲಿ ಏಳು ಉರುಳೆಗಳು: ಕೆಳಗೆ ನಾಲ್ಕು, ಮೇಲೆ ಮೂರು. ಮೇಲಿನವು ಕೆಳಗಿನವುಗಳ ಸಂದಿಗೆ ಸರಿಯಾಗಿ ಇಳಿಯುತ್ತವೆ, ಎರಡು ಕೈಯ ಬೆರಳು ಹೆಣೆದುಕೊಂಡ ಹಾಗೆ. ಪಕ್ಕದಲ್ಲಿ ಹಲ್ಲಿನ ಚಕ್ರ, ಅದಕ್ಕೊಂದು ಹಿಡಿ. ನೆತ್ತಿಯ ಮೇಲೆ ಒತ್ತಡ ಹೆಚ್ಚುಕಡಿಮೆ ಮಾಡುವ ಮೂರು ತಿರುಪು. ಇಲ್ಲಿಯವರ ಬಾಯಲ್ಲಿ ಅದರ ಹೆಸರು ‘ಏಳುರುಳೆ’. ಹಿಡಿಯ ಮರ ಹನ್ನೆರಡು ವರ್ಷ ಒಂದೇ ಕೈ ಕಂಡು ನಡುವೆ ಸವೆದಿದೆ.

ಡೊಂಕನ್ನು ನೆಟ್ಟಗೆ ಮಾಡುವುದೆಂದರೆ ಹಿಡಿದು ಎಳೆಯುವುದು ಎಂದುಕೊಂಡಿದ್ದೆ. ಹಾಗಲ್ಲವಂತೆ. ಬಲಕ್ಕೆ ಬಾಗಿದ್ದನ್ನು ಎಡಕ್ಕೆ ಬಗ್ಗಿಸಬೇಕು, ಅದೂ ನೆಟ್ಟಗಾಗುವಷ್ಟಲ್ಲ, ಅದಕ್ಕೂ ಒಂದು ಚೂರು ಹೆಚ್ಚಿಗೆ. ಬಿಟ್ಟ ತಕ್ಷಣ ಉಕ್ಕು ತನ್ನ ಹಳೇ ಚಾಳಿಗೆ ಅಷ್ಟು ದೂರ ವಾಪಸು ಬರುತ್ತದೆ. ಮತ್ತೆ ಆ ಕಡೆ, ಮತ್ತೆ ಈ ಕಡೆ, ಸಲ ಸಲಕ್ಕೂ ಕಡಿಮೆ. ಮೊದಲ ಉರುಳೆಗಳು ಜೋರಾಗಿ ಬಗ್ಗಿಸುತ್ತವೆ, ಕೊನೆಯವು ಬರೀ ಸವರುತ್ತವೆ. ಪಟ್ಟಿ ಅಲೆ ಅಲೆಯಾಗಿ ಒಳಗೆ ಹೋಗಿ ಹೊರಗೆ ಸುಮ್ಮನಾಗಿ ಬರುತ್ತದೆ.

“ಯಾವ ತಿರುಪು ಎಷ್ಟು ಅಂತ ಯಾರೂ ಬರೆದಿಟ್ಟಿಲ್ಲ. ಹಿಡಿ ಹೇಳುತ್ತೆ. ಗಟ್ಟಿ ಜಾಗ ಬಂದರೆ ಹಿಡಿ ತಡೆಯುತ್ತೆ, ಮೆತ್ತಗಿದ್ದರೆ ಜಾರುತ್ತೆ. ಕಣ್ಣು ಮುಚ್ಚಿಕೊಂಡೂ ಪಟ್ಟೀಲಿ ಎಲ್ಲಿ ಏನಿದೆ ಅಂತ ಹೇಳ್ತೀನಿ.” ಈ ಮಾತನ್ನು ಅವರು ಹೆಮ್ಮೆಯಿಂದ ಹೇಳಲಿಲ್ಲ. ಹೇಳಿ ಹಿಡಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಅದು ಯಾಕೆಂದು ನನಗೆ ತಿಳಿದದ್ದು ಎರಡನೇ ಭೇಟಿಯಲ್ಲಿ.

ಹೊಸ ಪಟ್ಟಿ ಸುರುಳಿಯಲ್ಲಿ ಬರುತ್ತದೆ. ಅದನ್ನು ಬಿಚ್ಚಿ ತುಂಡು ಮಾಡಿದರೂ ಪ್ರತಿ ತುಂಡೂ ತಾನು ಸುರುಳಿಯಲ್ಲಿದ್ದೆ ಎಂಬುದನ್ನು ಮರೆತಿರುವುದಿಲ್ಲ. ದಿನಕ್ಕೆ ಸುಮಾರು ತೊಂಬತ್ತು ತುಂಡು. ಒಂದಕ್ಕೆ ಹದಿಮೂರು ಸುತ್ತು. ನಾನು ಗುಣಿಸಿ, ದಿನಕ್ಕೆ ಸಾವಿರದ ನೂರ ಎಪ್ಪತ್ತು ಸುತ್ತಾಯಿತು ಎಂದಾಗ, ಅದನ್ನು ಹೇಳಬಾರದಿತ್ತು, ಇನ್ನು ಮೇಲೆ ಭುಜ ಅಷ್ಟೂ ಸುತ್ತಿನ ನೋವು ಕೊಡುತ್ತದೆ ಎಂದು ಗೊಣಗಿದರು. ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿದೆ. ಎಡಗೈಯ ಕಿರುಬೆರಳ ತುದಿ ಚಪ್ಪಟೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಪಟ್ಟಿಯ ಜೊತೆ ಅದೂ ಉರುಳೆಗೆ ಹೋಗಿತ್ತು. ಮೇಸ್ತ್ರಿ ಈಗಲೂ ಆ ಬೆರಳನ್ನು ತೋರಿಸಿ, ಪಟ್ಟಿ ಅಕ್ಕ ನೆಟ್ಟಗೆ ಮಾಡಿದ ಮೊದಲ ಸಾಮಾನು ಇದೇ ಎಂದು ಹೊಸಬರಿಗೆ ಪರಿಚಯ ಮಾಡಿಸುತ್ತಾರೆ.

ಹೊರಬಂದ ಪಟ್ಟಿಯನ್ನು ಕಲ್ಲಿನ ಚಪ್ಪಡಿಯ ಮೇಲೆ ಮಲಗಿಸಿ, ಅದರಡಿ ಹಳೇ ಪೇಪರಿನ ಚೂರೊಂದನ್ನು ತೂರಿಸಿ ನೋಡುತ್ತಾರೆ. ಕಾಗದ ಒಳಗೆ ಹೋದರೆ ಪಟ್ಟಿ ಫೇಲು. ಹೋಗದಿದ್ದರೆ ಬುಟ್ಟಿಗೆ. ಮೇಸ್ತ್ರಿ ಈ ಬುಟ್ಟಿಯಿಂದ ತೆಗೆದುಕೊಂಡದ್ದನ್ನು ಮರುಪರೀಕ್ಷೆ ಮಾಡುವುದಿಲ್ಲ. “ಮೊದಲು ಪೂರಾ ನೆಟ್ಟಗಿದ್ದರೆ ತಾನೆ ಬೇಕಾದ ಕಡೆ ಬಗ್ಗಿಸೋದು? ಅವಳು ಕೂದಲೆಳೆಯಷ್ಟು ಬಿಟ್ಟರೂ ನನ್ನ ಗೆರೆ ಸುಳ್ಳಾಗುತ್ತೆ, ಮಗೂಗೆ ಹುಣ್ಣಾಗುತ್ತೆ. ಹೆಸರು ನಂದು, ಕೆಲಸ ಅವಳದು,” ಎಂದು ಅವರು ಚಹಾದ ಲೋಟದ ಮೇಲಿಂದ ಒಪ್ಪಿಕೊಳ್ಳುತ್ತಾರೆ.

ಪಟ್ಟಿ ಅಕ್ಕ ಈ ಕೆಲಸಕ್ಕೆ ಬಂದದ್ದು ಕೆಲಸ ಹುಡುಕಿಕೊಂಡಲ್ಲ. ಮಗಳನ್ನು ಎತ್ತಿಕೊಂಡು ಬಂದವರು. ಮಗಳಿಗೆ ಆಗ ಮೂರು ವರ್ಷ. ಬಲಗಾಲು ಹುಟ್ಟಿನಿಂದಲೇ ಬಡಕಲು, ಪಾದ ಒಳಕ್ಕೆ ತಿರುಗಿತ್ತು. ಅಳತೆ ಕೊಟ್ಟು, ಮುಂದಿನ ಕೋಣೆಯ ಬೆಂಚಿನ ಮೇಲೆ ದಿನಗಟ್ಟಲೆ ಕಾಯುವುದು. ಹಿಡಿ ತಿರುಗಿಸುತ್ತಿದ್ದವನು ಅದೇ ವಾರ ಕೆಲಸ ಬಿಟ್ಟಿದ್ದ. ಕಾಯುವುದು ಹೇಗೂ ಕಾಯುತ್ತೀಯ, ಕೂತು ಹಿಡಿ ತಿರುಗಿಸಬಾರದೇ ಎಂದು ಮೇಸ್ತ್ರಿ ಕೇಳಿದರು. ಮಗಳ ಮೊದಲ ಕ್ಯಾಲಿಪರಿನ ಪಟ್ಟಿ ಅವರ ಕೈಯಿಂದಲೇ ನೆಟ್ಟಗಾಯಿತು. ಎರಡನೆಯದೂ, ಮೂರನೆಯದೂ.

ಮೂರನೆಯದನ್ನು ಬಗ್ಗಿಸುವಾಗ ಅವರು ಮೇಸ್ತ್ರಿಯ ಹತ್ತಿರ ಒಂದು ಬೇಡಿಕೆ ಇಟ್ಟಿದ್ದರು. ಹಳೆಯ ಕ್ಯಾಲಿಪರ್ ಉಜ್ಜಿ ಮಗಳ ಕಾಲಿನ ಹೊರಗಿಣ್ಣಿನ ಹತ್ತಿರ, ಅಂದರೆ ಹಿಮ್ಮಡಿಯ ಮೇಲಿನ ಹೊರಬದಿಯ ಮೂಳೆಯ ಮೇಲೆ, ಮಾಯದ ಗಾಯವಾಗಿತ್ತು. ಅಲ್ಲಿ ಪಟ್ಟಿ ತಾಗದಂತೆ ಒಂದು ಸಣ್ಣ ಉಬ್ಬು ಕೊಡಬಹುದೇ? ಗೆರೆಯಲ್ಲಿಲ್ಲದ್ದನ್ನು ಮಾಡುವುದಿಲ್ಲ ಎನ್ನುವ ಮೇಸ್ತ್ರಿ ಅವತ್ತು ಮಾಡಿದರು. ನಾಲ್ಕು ಸಲ ಕಾಲಿಗೆ ಹಿಡಿದು ನೋಡಿ, ದುಂಡು ತಲೆಯ ಸುತ್ತಿಗೆಯಿಂದ ಕಡಲೆಕಾಳಿನ ಗಾತ್ರದ ಉಬ್ಬು ಎಬ್ಬಿಸಿದರು. ಗಾಯ ಮಾಯಿತು. ಮಗಳು ಆ ಕ್ಯಾಲಿಪರನ್ನು ಮಲಗುವಾಗಲೂ ಬಿಚ್ಚಲು ಕೊಡುತ್ತಿರಲಿಲ್ಲ.

ಅವರ ಮನೆ ಕಾರ್ಯಾಗಾರದಿಂದ ಎರಡು ಬೀದಿ ಆಚೆ. ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಟೈರಿನ ಅಂಗಡಿಯಲ್ಲಿ ಪಂಕ್ಚರ್ ಹಾಕುವವರು. ಮಾತು ಕಡಿಮೆ. ಆ ಕೊರತೆಯನ್ನು ಅತ್ತೆ ತುಂಬುತ್ತಾರೆ. ನಾನು ಹೋದ ದಿನ ಅತ್ತೆ ಬಾಗಿಲಲ್ಲೇ ಹಿಡಿದು, ಸೊಸೆಯ ಬಗ್ಗೆ ಏನು ಬರೆಯುವುದಿದೆ ಎಂದು ವಿಚಾರಿಸಿದರು. “ಊರಿನ ಡೊಂಕೆಲ್ಲ ನೆಟ್ಟಗೆ ಮಾಡ್ತಾಳೆ ಸರಿ. ನನ್ನ ಮಗನ ಮುಖ ನೆಟ್ಟಗೆ ಮಾಡೋಕೆ ಇಷ್ಟು ವರ್ಷದಲ್ಲಿ ಆಗಿಲ್ಲ ಇವಳ ಕೈಲಿ.” ಮಗ ಗೋಡೆಗೆ ಒರಗಿ ಕೂತು ಕೇಳಿಸದವರ ಹಾಗೆ ಉಗುರಿನ ಸಂದಿಯ ಮಸಿ ತೆಗೆಯುತ್ತಿದ್ದರು. ಸೊಸೆ, ಅದು ಮಾಡುವಾಗಲೇ ಆದ ಡೊಂಕು ಅತ್ತೆ, ನನ್ನ ಮಿಷನ್ನಿಗೆ ಬರುವುದಿಲ್ಲ ಎಂದರು. ಅತ್ತೆ ಗೆದ್ದವರಂತೆ ನಕ್ಕರು. ಸೋತವರೂ ನಕ್ಕರು.

ಮಂಚದ ಪಕ್ಕ, ಸಿಮೆಂಟಿನ ನೆಲದಲ್ಲಿ, ಬಟಾಣಿ ಗಾತ್ರದ ಏಳೆಂಟು ಗುಳಿಗಳಿವೆ. ಮಗಳು ಮಂಚದ ಅಂಚಿನಲ್ಲಿ ಕೂತು ಕ್ಯಾಲಿಪರಿನ ಕಾಲು ಆಡಿಸುತ್ತಾ, ಬೂಟಿನ ಹಿಮ್ಮಡಿಯ ಮೊಳೆಯಿಂದ ನೆಲ ಕುಟ್ಟುತ್ತಿದ್ದಳಂತೆ. ಟಿಕ್, ಟಿಕ್. ಆಗ ಎಲ್ಲರೂ ಬೈಯುವವರೇ. ಅವಳು ಹೋದ ಮೇಲೆ ಅಪ್ಪ ಒಂದು ದಿನ ಬಟ್ಟಲಲ್ಲಿ ಸಿಮೆಂಟು ಕಲಸಿಕೊಂಡು ಗುಳಿ ಮುಚ್ಚಲು ಬಂದರು. ಅತ್ತೆ ಆ ಗುಳಿಗಳ ಮೇಲೆ ಚಾಪೆ ಹಾಸಿಕೊಂಡು ಮಲಗಿಬಿಟ್ಟರು. ಸಂಜೆಯವರೆಗೂ ಏಳಲಿಲ್ಲ. ಸಿಮೆಂಟು ಬಟ್ಟಲಲ್ಲೇ ಗಟ್ಟಿಯಾಯಿತು.

ಮಗಳು ತೀರಿಕೊಂಡದ್ದು ಒಂಬತ್ತನೇ ವರ್ಷಕ್ಕೆ, ನಾಲ್ಕು ದಿನದ ಜ್ವರದಲ್ಲಿ. ಜ್ವರಕ್ಕೂ ಕಾಲಿಗೂ ಸಂಬಂಧವಿರಲಿಲ್ಲ. ಆರು ವರ್ಷದ ಹಿಂದಿನ ಮಾತು. ಇದನ್ನು ಪಟ್ಟಿ ಅಕ್ಕ ಹೊಸ ಸುರುಳಿಯ ಕಟ್ಟು ಬಿಚ್ಚುತ್ತಾ, ಇಕ್ಕಳದ ಮೇಲೆ ಕಣ್ಣಿಟ್ಟೇ ಹೇಳಿದರು. ಅದರ ಮುಂದಿನದನ್ನು ಹೇಳುವಾಗ ಮಾತ್ರ ಇಕ್ಕಳ ಕೆಳಗಿಟ್ಟರು.

ಅದನ್ನು ತಿಳಿಯಬೇಕಾದರೆ ಹಳೇ ಪಟ್ಟಿಗಳ ವಿಷಯ ಹೇಳಬೇಕು. ಕ್ಯಾಲಿಪರ್ ಮಕ್ಕಳದ್ದಲ್ಲ, ಕಾರ್ಯಾಗಾರದ್ದು. ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕು. ತೊಗಲಿನ ಕೆಲಸದ ತಾತ ಬೆಲ್ಟು ಕತ್ತರಿಸಿ, ರಿವೆಟ್ಟು ಕಳಚಿ, ಪಟ್ಟಿಗಳನ್ನು ಬೇರೆ ಮಾಡಿ ಹಿಂದಿನ ಕೋಣೆಗೆ ಕಳಿಸುತ್ತಾರೆ. ಗುರುವಾರ ಪಟ್ಟಿ ಅಕ್ಕನದು ಬರೀ ಹಳೇ ಪಟ್ಟಿಯ ಕೆಲಸ. ಪ್ರತಿಯೊಂದೂ ಒಂದು ಕಾಲಿನ ಆಕಾರದಲ್ಲಿರುತ್ತದೆ: ಇದು ಒಳಕ್ಕೆ ಬಾಗಿದ್ದು, ಇದು ಹಿಮ್ಮಡಿ ಎತ್ತಿ ನಡೆದದ್ದು, ಇದು ಒಂದೇ ಪಕ್ಕಕ್ಕೆ ಭಾರ ಹಾಕಿದ್ದು. ಏಳುರುಳೆಯಲ್ಲಿ ಹಾದು ಹೊರಬರುವಾಗ ಅದು ಯಾರ ಕಾಲೂ ಅಲ್ಲ. ಒಮ್ಮೆ ನೆಟ್ಟಗೆ ಮಾಡಿದ್ದಕ್ಕೆ ತುದಿಯಲ್ಲಿ ಪಂಚಿನಿಂದ ಒಂದು ಚುಕ್ಕೆ ಹೊಡೆಯುತ್ತಾರೆ. ಎರಡು ಚುಕ್ಕೆ ಬಿದ್ದದ್ದು ಮೂರನೇ ಸಲ ಬಂದರೆ ಗುಜರಿಗೆ. ಅಷ್ಟು ಹೊತ್ತಿಗೆ ಉಕ್ಕು ದಣಿದಿರುತ್ತದೆ.

ವಾಪಸು ಬರುವುದಕ್ಕೆ ಇರುವುದು ಎರಡೇ ಕಾರಣ. ಮಗು ಬೆಳೆದು ಕ್ಯಾಲಿಪರ್ ಸಾಲದೆ ಹೋಗಬೇಕು. ಅಥವಾ ಮಗು ಇಲ್ಲವಾಗಬೇಕು. ವಾಪಸು ಪಡೆಯುವವರು ಕಾರಣವನ್ನು ಸಣ್ಣ ಚೀಟಿಯಲ್ಲಿ ಬರೆದು ದಾರದಿಂದ ಪಟ್ಟಿಗೆ ಕಟ್ಟುತ್ತಾರೆ. ಮೊದಲು ಆ ಚೀಟಿ ಪಟ್ಟಿ ಅಕ್ಕನ ಮೇಜಿನವರೆಗೆ ಬರುತ್ತಿತ್ತು. ಈಗ ಬರುವುದಿಲ್ಲ. ತಾತ ಅದನ್ನು ತಮ್ಮ ಬೆಂಚಿನಲ್ಲೇ ಕತ್ತರಿಸಿ ಒಂದು ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಅದು ಪಟ್ಟಿ ಅಕ್ಕ ಕೇಳಿಕೊಂಡ ಏರ್ಪಾಡು.

ಮಗಳು ಹೋಗಿ ಹದಿನೆಂಟನೇ ದಿನ ಅವರು ಕೆಲಸಕ್ಕೆ ಬಂದರು. ಮನೆಯಲ್ಲಿ ಕೂರಲಾಗಲಿಲ್ಲ. ಅವತ್ತು ಗುರುವಾರ. ಹೊಸ ಸುರುಳಿ ಬಂದಿರಲಿಲ್ಲ. ಮೇಸ್ತ್ರಿ ಬೆಳಗಿನಿಂದ ಎರಡು ಸಲ ಬಂದು ಖಾಲಿ ಬುಟ್ಟಿ ನೋಡಿ ಹೋಗಿದ್ದರು. ಇವರು ತಲೆ ತಗ್ಗಿಸಿ ಹಳೇ ಪಟ್ಟಿಗಳನ್ನು ಒಂದರ ಹಿಂದೊಂದು ಕೊಡುತ್ತಾ ಹೋದರು. ದಾರದ ಚೀಟಿಗಳನ್ನು ಓದದೆ ಕಿತ್ತು ಎಸೆದರು. ಕಣ್ಣಿಗೆ ಯಾವುದೂ ಕಾಣುತ್ತಿರಲಿಲ್ಲ, ಕೈ ತನ್ನಷ್ಟಕ್ಕೆ ತಿರುಗಿಸುತ್ತಿತ್ತು. ಒಂದು ಪಟ್ಟಿ ಹೋಯಿತು. ಅದರ ಜೋಡಿಯನ್ನು ಕೊಟ್ಟರು. ಅರ್ಧ ಹೋಗಿರಬೇಕು, ಹಿಡಿ ತಡೆಯಿತು.

“ಒಂದೇ ಒಂದು ಸಲ ತಡೀತು ಮೇಡಂ. ಕಲ್ಲು ಸಿಕ್ಕ ಹಾಗೆ. ಕಡಲೆಕಾಳಿನಷ್ಟು. ಆ ಉಬ್ಬು ಲೋಕದಲ್ಲಿ ಒಂದೇ ಪಟ್ಟೀಲಿ ಇದ್ದದ್ದು. ಕೇಳಿ ಮಾಡಿಸಿಕೊಂಡವಳು ನಾನೇ.”

ಕ್ಯಾಲಿಪರ್ ಮನೆಯ ಪೆಟ್ಟಿಗೆಯಲ್ಲಿದೆ ಎಂದೇ ಅವರು ತಿಳಿದಿದ್ದರು. ಅದು ಕಣ್ಣೆದುರು ಇರುವುದನ್ನು ಸಹಿಸಲಾರದೆ ಗಂಡ ಯಾರಿಗೂ ಹೇಳದೆ ತಂದು ವಾಪಸು ಕೊಟ್ಟಿದ್ದರು. ಕೊಟ್ಟದ್ದು ಹೆಂಡತಿಯ ಕೈಗೇ ಬರುತ್ತದೆ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಮುಂದಿನ ಬಾಗಿಲಲ್ಲಿ ಕೊಟ್ಟದ್ದು ಹಿಂದಿನ ಕೋಣೆಗೆ ಬರುತ್ತದೆಂದು ಹೊರಗಿನ ಯಾರಿಗೆ ತಾನೆ ಗೊತ್ತಿರುತ್ತದೆ?

ಒಳಬದಿಯ ಪಟ್ಟಿ ಆಗಲೇ ನೆಟ್ಟಗಾಗಿ, ಚುಕ್ಕೆಗೆ ಕಾಯುತ್ತಾ ಚಪ್ಪಡಿಯ ಮೇಲಿತ್ತು. ಹೊರಬದಿಯದು ಉರುಳೆಗಳ ನಡುವೆ: ಮುಂದಿನ ಅರ್ಧ ಯಾರದೂ ಅಲ್ಲ, ಹಿಂದಿನ ಅರ್ಧ ಮಗಳ ಕಾಲು. ಅವರು ಹಿಡಿ ಬಿಡಲಿಲ್ಲ, ತಿರುಗಿಸಲೂ ಇಲ್ಲ. ಚಹಾದ ಹೊತ್ತಿನವರೆಗೆ ಹಾಗೇ ಕೂತಿದ್ದರಂತೆ. ಹಿಂದಕ್ಕೆ ತಿರುಗಿಸಿ ತೆಗೆಯಬಹುದಿತ್ತು. ಆ ಅರ್ಧವನ್ನು ಮನೆಗೆ ಒಯ್ಯಬಹುದಿತ್ತು. ಯಾರೂ ಬೇಡ ಎನ್ನುತ್ತಿರಲಿಲ್ಲ. ಚಹಾದ ಲೋಟ ತಂದಿಟ್ಟ ಮೇಸ್ತ್ರಿ ಮೂರನೇ ಸಲ ಬುಟ್ಟಿಯೊಳಗೆ ಇಣುಕಿ, ಅಲ್ಲಿದ್ದ ಎರಡು ಜೋಡಿ ಎತ್ತಿಕೊಂಡು ಹೊರಟರು. ಅವರ ಹಿಂದೆ ಬಾಗಿಲ ಸಂದಿಯಲ್ಲಿ ಮುಂದಿನ ಕೋಣೆಯ ಬೆಂಚು ಕಂಡಿತು. ಮೂವರು ತಾಯಂದಿರು ಕಾಯುತ್ತಿದ್ದರು.

“ತಿರುಗಿಸಿದೆ,” ಎಂದರು ಪಟ್ಟಿ ಅಕ್ಕ. “ಗೊತ್ತಿಲ್ಲದೆ ಮಾಡಿದ್ದು ಮೊದಲನೇದು. ಎರಡನೇದು ಗೊತ್ತಿದ್ದೇ ಮಾಡಿದ್ದು. ಜೋಡಿ ತಪ್ಪಿದ ಪಟ್ಟಿ ಯಾರ ಕಾಲಿಗೂ ಆಗಲ್ಲ. ಆವತ್ತು ಹಾಗೆ ಅನ್ನಿಸ್ತು. ಆಮೇಲೆ ಎಷ್ಟು ದಿನ ಅನ್ನಿಸಿದೆ, ಎಂಥ ಗಟ್ಟಿ ಜೀವ ನಂದು ಅಂತ. ಬೇರೆ ತಾಯಿ ಆಗಿದ್ದರೆ ಕಚ್ಚಿಕೊಂಡು ಓಡ್ತಿದ್ದಳೇನೋ.”

ಚುಕ್ಕೆಯನ್ನು ಹೊರಮುಖಕ್ಕೆ ಹೊಡೆಯುವುದು ವಾಡಿಕೆ, ಎಲ್ಲರಿಗೂ ಕಾಣಲಿ ಎಂದು. ಆ ಎರಡು ಪಟ್ಟಿಗಳಿಗೆ ಮಾತ್ರ ಅವರು ಒಳಮುಖಕ್ಕೆ ಹೊಡೆದರು, ತೊಗಲಿನಡಿ, ಮಗುವಿನ ಕಾಲಿಗೆ ತಾಗುವ ಕಡೆ. ಆ ವಾರವೇ ಅವು ಯಾರದೋ ಕಾಲಿಗೆ ಹೋದವು. ಯಾರದೆಂದು ಅವರು ಕೇಳಲಿಲ್ಲ. ಗಂಡನ ಹತ್ತಿರ ಈ ಮಾತು ಎತ್ತಲೂ ಇಲ್ಲ.

“ಕೊಟ್ಟಿದ್ದನ್ನ ಅವರು ನನಗೆ ಹೇಳಲಿಲ್ಲ. ನೆಟ್ಟಗೆ ಮಾಡಿದ್ದನ್ನ ನಾನು ಅವರಿಗೆ ಹೇಳಲಿಲ್ಲ. ಪೆಟ್ಟಿಗೆ ಖಾಲಿ ಇರೋದು ಇಬ್ಬರಿಗೂ ಗೊತ್ತು. ಒಂದೇ ತಟ್ಟೆ ಮುಂದೆ ಕೂತು ಊಟ ಮಾಡ್ತೀವಿ.”

ಇದನ್ನು ಬರೆಯಬಹುದೇ ಎಂದು ಕೇಳಿದೆ. ಅವರು ಚಪ್ಪಡಿಯ ಮೇಲಿನ ಕಬ್ಬಿಣದ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿದರು. ಸದ್ಯಕ್ಕೆ ಬೇಡ, ಮೊದಲು ತಾವು ಗಂಡನಿಗೆ ಹೇಳಬೇಕು, ಹೇಳಿದ ಮೇಲೆ ತಿಳಿಸುತ್ತೇನೆ ಎಂದರು. ಆರು ವರ್ಷ ಹೇಳದವರು ಈಗ ಹೇಳುತ್ತಾರೆಂದು ನನಗೆ ನಂಬಿಕೆ ಬರಲಿಲ್ಲ. ಈ ಲೇಖನ ಪಟ್ಟಿಯ ಬಗ್ಗೆ, ಭುಜದ ನೋವಿನ ಬಗ್ಗೆ ಬರೆದು ಮುಗಿಯುತ್ತದೆ ಎಂದುಕೊಂಡೆ.

ಆರು ವರ್ಷದಿಂದ ಗುರುವಾರ ಅವರು ಹಳೇ ಪಟ್ಟಿಗಳನ್ನು ಮೊದಲು ತಿರುವಿ ಒಳಮುಖ ನೋಡುತ್ತಾರೆ. ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಅಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಪಟ್ಟಿ ವಾಪಸಾಗುತ್ತದೆ. ಮೂರಾಯಿತು, ನಾಲ್ಕಾಯಿತು, ಬರಲಿಲ್ಲ. ಬರದಿದ್ದರೆ ಚಿಂತೆ, ಆ ಮಗುವಿಗೆ ಏನಾಯಿತೋ ಎಂದು. ಬಂದುಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಯಾಕೆಂದರೆ ಬಂದರೆ ಅದಕ್ಕೊಂದು ಚೀಟಿ ಇರುತ್ತದೆ. ಮಗಳ ಪಟ್ಟಿ ಒಂದು ಸಲ ಆ ಇನ್ನೊಂದು ಕಾರಣ ಹೊತ್ತು ಬಂದಿದೆ. ಎರಡನೇ ಸಲವೂ ಅದನ್ನೇ ಹೊತ್ತು ಬಂದರೆ, ಅವತ್ತು ಹಿಡಿ ತಿರುಗಿಸಿದ್ದಕ್ಕೆ ಅರ್ಥವೇನು? ಅದಕ್ಕಾಗಿಯೇ ಚೀಟಿ ತಮ್ಮ ಮೇಜಿಗೆ ಬರಬಾರದು ಎಂದು ತಾತನಿಗೆ ಕೇಳಿಕೊಂಡದ್ದು. ತಾತ ಕಾರಣ ಕೇಳದೆ ಒಪ್ಪಿಕೊಂಡರು.

ನನ್ನ ಮೂರನೇ ಭೇಟಿ ಗುರುವಾರ ಬಿತ್ತು. ಹಳೇ ಪಟ್ಟಿಗಳು ಮೂವತ್ತರ ಮೇಲಿದ್ದವು. ಪಟ್ಟಿ ಅಕ್ಕ ಕಿಟಕಿಯ ಬೆಳಕಿನಲ್ಲಿ ಒಂದೊಂದನ್ನೇ ತಿರುವಿ ನೋಡುತ್ತಾ, ಅತ್ತೆಗೆ ಹೊಸ ಕನ್ನಡಕ ಬಂದಂದಿನಿಂದ ಅಡುಗೆಮನೆಯ ಜೇಡರ ಬಲೆಗಳೆಲ್ಲ ತಮ್ಮ ತಪ್ಪಾಗಿರುವುದನ್ನು ಹೇಳುತ್ತಿದ್ದರು. ಮಾತು ನಡುವೆ ನಿಂತಿತು. ಕೈಯಲ್ಲಿದ್ದ ಪಟ್ಟಿಯನ್ನು ಅವರು ಹೆಬ್ಬೆರಳಿನಿಂದ ಉಜ್ಜಿದರು. ಮತ್ತೊಮ್ಮೆ ಉಜ್ಜಿದರು. ರಾಶಿಯಲ್ಲಿ ಹುಡುಕಿ ಅದರ ಜೋಡಿಯನ್ನು ಎತ್ತಿಕೊಂಡರು. ಎರಡರ ಒಳಮುಖದಲ್ಲೂ ತುದಿಯ ಹತ್ತಿರ ಒಂದೊಂದು ಚುಕ್ಕೆ ಇತ್ತು.

ಪಟ್ಟಿಗಳ ಆಕಾರ ಬೇರೆಯಾಗಿತ್ತು. ಹೊರಬದಿಯದು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಹಿಮ್ಮಡಿಯ ಹತ್ತಿರ ಉಬ್ಬು ಇರಲಿಲ್ಲ. ಅವರು ಅದನ್ನು ಕೆನ್ನೆಯ ಪಕ್ಕ ತಂದು, ಎಡಗಣ್ಣು ಮುಚ್ಚಿ ನೋಡಿದರು. ಇಳಿಸಿ, ಕಾಲು ಹೊರಕ್ಕೆ ಬಾಗಿದ ಮಗು, ಭಾರ ಪೂರಾ ಪಟ್ಟಿಯ ಮೇಲೆ ಹಾಕಿ ನಡೆದಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಮಗಳದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಎರಡು ಚುಕ್ಕೆಗಳಷ್ಟೇ, ಅವೂ ಅಮ್ಮ ಹೊಡೆದವು.

ಅವರು ಆ ಜೋಡಿಯನ್ನು ಮಡಿಲಲ್ಲಿಟ್ಟುಕೊಂಡು, ಮಿಷನ್ನಿನ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿ ಮಾಡಿದರು. ಅದರ ಅಗತ್ಯವಿರಲಿಲ್ಲ. ಬಾಗಿಲಾಚೆ ತಾತನ ಕತ್ತರಿಯ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತಾಗ ಎದ್ದರು.

ತಾತನ ಬೆಂಚು ಹತ್ತು ಹೆಜ್ಜೆ ದೂರ. ಪಟ್ಟಿ ಅಕ್ಕ ಜೋಡಿಯನ್ನು ಅವರ ಮುಂದಿಟ್ಟು, ಇದರ ಚೀಟಿ ಬೇಕು ಎಂದರು. ತಾತ ಮೊದಲು ಪಟ್ಟಿ ನೋಡಿದರು, ಆಮೇಲೆ ಅವರ ಮುಖ.

“ಆರು ವರ್ಷದಿಂದ ಬೇಡ ಅಂದವಳು.”

“ಇವತ್ತು ಬೇಕು ತಾತ.”

ಡಬ್ಬಿಯನ್ನು ಬೆಂಚಿನ ಮೇಲೆ ಬೋರಲು ಹಾಕಿದರು. ವಾರದ ಚೀಟಿಗಳೆಲ್ಲ ದಾರದ ಸಮೇತ ಗೋಜಲಾಗಿ ಬಿದ್ದವು. ತಾತ ತೊಗಲಿನ ತುಂಡುಗಳ ನಡುವಿನಿಂದ ಹೊಂದುವ ಬೆಲ್ಟು ಹುಡುಕಿ, ಬೆಲ್ಟಿನ ನಂಬರು ನೋಡಿ, ಆ ನಂಬರಿನ ಚೀಟಿಗಾಗಿ ಗೋಜಲು ಬಿಡಿಸಲು ಕೂತರು. ಮಸಿಯ ಬೆರಳು, ದಪ್ಪ ಕನ್ನಡಕ. ಒಂದೊಂದು ಚೀಟಿಯನ್ನೂ ಮೂಗಿನವರೆಗೆ ತಂದು ನೋಡಿ ಬದಿಗಿಡುತ್ತಿದ್ದರು. ಪಟ್ಟಿ ಅಕ್ಕ ಚೀಟಿಗಳತ್ತ ನೋಡುತ್ತಿರಲಿಲ್ಲ. ಚಪ್ಪಟೆಯಾದ ಕಿರುಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದರು, ಅದು ಈಗಷ್ಟೇ ಉರುಳೆಗೆ ಸಿಕ್ಕಿದ ಹಾಗೆ. ನಡುವಿನ ಕೋಣೆಯಿಂದ ಮೇಸ್ತ್ರಿಯೂ ಬಂದು ಬಾಗಿಲಲ್ಲಿ ನಿಂತರು. ಬೆಂಚಿನ ಮೇಲಿನ ಪಟ್ಟಿಯ ಒಳಮುಖದ ಚುಕ್ಕೆ ನೋಡಿ ಸುತ್ತಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಬಹುಶಃ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

“ಸಿಕ್ತು,” ಎಂದರು ತಾತ. ಚೀಟಿಯನ್ನು ದೂರ ಹಿಡಿದರು, ಹತ್ತಿರ ತಂದರು. “ಉದ್ದ ಸಾಲದು. ಎರಡು ಬೆರಳು ಕಡಿಮೆ. ಹೊಸ ಅಳತೆ ಕೊಟ್ಟಿದೆ.”

ಪಟ್ಟಿ ಅಕ್ಕನಿಗೆ ಕೇಳಿಸಿತೋ ಇಲ್ಲವೋ ಎಂದು ತಾತ ಇನ್ನೊಮ್ಮೆ ಓದಿದರು.

“ಎಷ್ಟು ಅಂದ್ರಿ?”

“ಎರಡು ಬೆರಳಮ್ಮ. ಬೆಳೆದಿದೆ ಕೂಸು. ಇಷ್ಟು ದಿನ ಗಿಡ್ಡದರಲ್ಲೇ ನಡೆಸಿದ್ದಾರೆ, ತಿಳಿಗೇಡಿಗಳು.”

ತಾತನ ಬೈಗುಳಕ್ಕೆ ಮೇಸ್ತ್ರಿ ನಕ್ಕರು. ಪಟ್ಟಿ ಅಕ್ಕ ಪಟ್ಟಿಯನ್ನು ಎತ್ತಿಕೊಂಡು, ಅದರ ತುದಿಯಾಚೆ ಗಾಳಿಯಲ್ಲಿ ತಮ್ಮ ಎರಡು ಬೆರಳು ಸೇರಿಸಿ ಹಿಡಿದು ನೋಡಿದರು. ಅಷ್ಟು. ಆಮೇಲೆ ಬೆಂಚಿನ ಪಕ್ಕದಲ್ಲಿದ್ದ ತೊಗಲಿನ ಕಟ್ಟಿನ ಮೇಲೆ ಕೂತುಬಿಟ್ಟರು. ಅತ್ತರು, ಬಹಳ ಹೊತ್ತಲ್ಲ. ತಾತ ತಮ್ಮ ಕತ್ತರಿಗೆ ಎಣ್ಣೆ ಬಿಡುವುದರಲ್ಲಿ ಮಗ್ನರಾದರು. ಮೇಸ್ತ್ರಿ ಒಳಗೆ ಹೋಗಿ ಲೋಟದಲ್ಲಿ ನೀರು ತಂದಿಟ್ಟರು.

ಚೀಟಿಯಲ್ಲಿ ಹುಡುಗನೋ ಹುಡುಗಿಯೋ ಎಂದಿರಲಿಲ್ಲ. ಕೇಳಿದರೆ ಮುಂದಿನ ಕೋಣೆಯವರು ಹೇಳುತ್ತಿದ್ದರು. ಪಟ್ಟಿ ಅಕ್ಕ ಕೇಳಲಿಲ್ಲ. ಆದರೆ ಚೀಟಿಯನ್ನು ಡಬ್ಬಿಗೆ ಹಾಕಲು ತಾತನಿಗೆ ಕೊಡಲೂ ಇಲ್ಲ. ದಾರ ಸುತ್ತಿ, ಕೆಲಸದ ಅಂಗಿಯ ಜೇಬಿಗೆ ಹಾಕಿಕೊಂಡರು. ಮನೆಯವರಿಗೆ ಓದಲು ಬರುತ್ತದೆ, ಇವತ್ತು ತೋರಿಸುತ್ತೇನೆ ಎಂದರು. ತೋರಿಸಬೇಕಾದರೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗುತ್ತದೆ. ಅದು ಅವರಿಗೆ ಗೊತ್ತಿಲ್ಲದ್ದಲ್ಲ.

ಎರಡು ದಿನ ಬಿಟ್ಟು ಫೋನ್ ಮಾಡಿದರು. ಬರೆಯಬಹುದು ಎಂದರು. ಗಂಡ ಏನಂದರು ಎಂದು ಕೇಳಿದೆ. ಚೀಟಿಯನ್ನು ಬಹಳ ಹೊತ್ತು ಕೈಯಲ್ಲಿಟ್ಟುಕೊಂಡಿದ್ದು, ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಅದರೊಳಗೆ ಇಟ್ಟರಂತೆ. ಆಮೇಲೆ ಮಂಚದ ಪಕ್ಕ, ಆ ಗುಳಿಗಳ ಹತ್ತಿರ, ನೆಲದ ಮೇಲೆ ಮಲಗಿದರಂತೆ. ಅತ್ತೆ ಎದ್ದು ಚಾಪೆ ತಂದು ಕೊಟ್ಟರು.

ಆ ಗುರುವಾರ ನಾನು ಹೊರಡುವ ಮುಂಚೆ ಪಟ್ಟಿ ಅಕ್ಕ ಮತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಜೋಡಿ ಪಟ್ಟಿ ಮುಂದಿತ್ತು. ಒಂದೇ ಚುಕ್ಕೆಯದು, ಇನ್ನೊಂದು ಸಲ ನೆಟ್ಟಗೆ ಮಾಡಲು ಬರುತ್ತದೆ. ಬೇಕಿದ್ದರೆ ಮನೆಗೆ ಒಯ್ಯಲಿ, ಎರಡು ಪಟ್ಟಿ ಕಡಿಮೆಯಾದರೆ ಕಾರ್ಯಾಗಾರ ಮುಳುಗುವುದಿಲ್ಲ ಎಂದು ಮೇಸ್ತ್ರಿ ಬಾಗಿಲಿನಿಂದಲೇ ಹೇಳಿಹೋಗಿದ್ದರು. ಅವರು ಮೊದಲ ಪಟ್ಟಿಯ ತುದಿಯನ್ನು ಉರುಳೆಗಳ ನಡುವೆ ತೂರಿಸಿದರು. ಹಿಡಿ ಹದಿಮೂರು ಸುತ್ತು ತಿರುಗಿತು. ಎರಡನೆಯದಕ್ಕೂ ಹದಿಮೂರು. ಎಲ್ಲೂ ತಡೆಯಲಿಲ್ಲ. ಚಪ್ಪಡಿಯ ಮೇಲಿಟ್ಟು ಕಾಗದದ ಚೂರು ತೂರಿಸಿ ನೋಡಿದರು, ಒಳಗೆ ಹೋಗಲಿಲ್ಲ. ಒಳಮುಖ ಮೇಲೆ ಮಾಡಿ, ಹಳೆಯ ಚುಕ್ಕೆಯ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಹೊಡೆದು, ಬುಟ್ಟಿಗೆ ಹಾಕಿದರು.

“ಹೋಗ್ಲಿ, ಇನ್ನೊಂದು ಮಗೂನ ನಡೆಸಲಿ,” ಎಂದರು. “ಇನ್ನ ನನಗೆ ಬೇರೆ ಆಸೆ ಏನಿಲ್ಲ ಮೇಡಂ. ಈ ಸಲಾನೂ ಸಾಲದೆ ವಾಪಸ್ ಬರಲಿ.”